ರಾಜೀನಾಮೆ ಸಾಹೇಬರು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಊರವರು ಯಾರು, ಹೊರಗಿನವರು ಯಾರು ಎಂದು ತಿಳಿಯಲು ಆಧಾರ್ ಕಾರ್ಡು ಬೇಕಾಗಿಲ್ಲ, ಸೀನು ಸಾಕು. ಊರವರು ಆ ಘಾಟಿನಲ್ಲೇ ನಿಂತು ಚಹಾ ಕುಡಿಯುತ್ತಾರೆ, ಮಗಳ ನಿಶ್ಚಯದ ಮಾತನ್ನೂ ಮುಗಿಸುತ್ತಾರೆ. ಹೊರಗಿನವರು ಗೇಟಿನೊಳಗೆ ಕಾಲಿಟ್ಟರೋ ಇಲ್ಲವೋ, ಸರಪಟಾಕಿಗೆ ಬೆಂಕಿ ಬಿದ್ದಂತೆ ಸೀನತೊಡಗುತ್ತಾರೆ. ಈಚೆಗೆ ಮೂರನೆಯದೊಂದು ತಳಿ ಬಂದಿದೆ. ಹುಟ್ಟಿದ್ದು ಇದೇ ಊರಲ್ಲಿ, ಆದರೂ ಸೀನುತ್ತದೆ. ಒಂದು ಕಾಲಕ್ಕೆ ಕೊರಳಲ್ಲಿದ್ದ ಕಂಪನಿಯ ಪಟ್ಟಿ ಈಗ ಬೈಕಿನ ಕೀಲಿಗೆ ಜೋತುಬಿದ್ದಿದೆ. ಬೆಂಗಳೂರಿನ ಕೈತುಂಬ ಪಗಾರ ಬಿಟ್ಟು, ಮನಸ್ಸಿಗೆ ಸಮಾಧಾನ ಕೊಡುವ ವ್ಯಾಪಾರ ಹುಡುಕಿ ಬಂದ ಈ ತಳಿಗೆ ಹಮಾಲರು ಇಟ್ಟ ಹೆಸರು 'ರಾಜೀನಾಮೆ ಸಾಹೇಬ್ರು'.

ಸಾಹೇಬರನ್ನು ಗುರುತಿಸುವುದು ಸುಲಭ, ನೀವು ಕೇಳುವ ಮೊದಲೇ ರಾಜೀನಾಮೆಯ ಕಥೆ ಹೇಳುತ್ತಾರೆ. ಮೋಟೆಬೆನ್ನೂರಿನಿಂದ ಬರುವ ಬಸ್ಸಿನಲ್ಲಿ ಹೇಳುತ್ತಾರೆ, ಕ್ಷೌರದಂಗಡಿಯಲ್ಲಿ ಹೇಳುತ್ತಾರೆ, ಸಾವಿನ ಮನೆಯಲ್ಲೂ ದನಿ ತಗ್ಗಿಸಿ ಹೇಳುತ್ತಾರೆ.

"ಒಂಬತ್ತು ವರ್ಷ ಎಕ್ಸೆಲ್ ಶೀಟ್ ತುಂಬಿದೆ ಕಾಕಾ. ಯಾಕ ತುಂಬಾಕತ್ತೀನಿ ಅನ್ನೋದs ಗೊತ್ತಿರಲಿಲ್ಲ."

"ಪಗಾರ ಬರ್ತಿತ್ತಿಲ್ಲೋ?"

"ಬರ್ತಿತ್ತು."

"ಮತ್ತ ಗೊತ್ತಿದ್ದಂಗs ಆತಲ್ಲೋ ತಮ್ಮಾ."

ತಾನಾಗಿಯೇ ಬಿಟ್ಟ ಕೆಲಸ ಎಂಬುದನ್ನು ನಮ್ಮ ಊರು ಇವತ್ತಿಗೂ ನಂಬಿಲ್ಲ. "ಬಿಟ್ಟಾನೋ, ಬಿಡಿಸ್ಯಾರೋ?" ಎಂದು ಓಣಿಯವರು ಕೇಳುವುದು ಸಾಹೇಬರ ಅವ್ವನನ್ನು. ಆಕೆ, "ರಜಾ ಮ್ಯಾಲೆ ಬಂದಾನ" ಎಂದು ಎರಡು ದೀಪಾವಳಿ ತಳ್ಳಿದ್ದಾಳೆ. ಇನ್ನೂ ಮದುವೆಯಾಗದ ಸಾಹೇಬರಾದರೆ ಕನ್ಯೆ ಗೊತ್ತಾಗುವ ತನಕ ರಾಜೀನಾಮೆ ಮನೆತನದ ಗುಟ್ಟು. ಹೊಲ ಮಾಡುವ ಹುಡುಗನಿಗೆ ಹೆಣ್ಣು ಕೊಡುವವರು ಈಗ ಯಾರಿದ್ದಾರೆ? ಮದುವೆಯಾದ ಸಾಹೇಬರದು ಬೇರೆ ಕಥೆ. ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹೆಂಡತಿ ಅದೇ ಬೆಂಗಳೂರಿನ ನೌಕರಿ ಮಾಡುತ್ತಾಳೆ, ಕೆಳಗೆ ಇವರು ಸಮಾಧಾನ ಅನುಭವಿಸುತ್ತಾರೆ. ಸಮಾಧಾನಕ್ಕೂ ಬಂಡವಾಳ ಬೇಕು.

ಹಾಗೆ ನೋಡಿದರೆ ಕೆಲಸ ಬಿಡುವುದು ನಮ್ಮ ಸೀಮೆಗೆ ಹೊಸದಲ್ಲ. ಬಾಡದ ಡಣ್ಣಾಯಕನಾಗಿದ್ದ ತಿಮ್ಮಪ್ಪನಾಯಕ ಕತ್ತಿ ಕೆಳಗಿಟ್ಟು ಕನಕದಾಸನಾದ. ಅವನ ಆದಿಕೇಶವ ನಿಂತಿರುವ ಕಾಗಿನೆಲೆ ನಮ್ಮ ತಾಲೂಕಿನಲ್ಲೇ ಇದೆ. ಇದೇ ಜಿಲ್ಲೆಯ ಗಳಗನಾಥರು ಮಾಸ್ತರಿಕೆ ಬಿಟ್ಟು ಕಾದಂಬರಿ ಬರೆದರು, ಬರೆದದ್ದನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಸಾಹೇಬರಿಗೆ ಇವೆರಡೂ ಬಾಯಿಪಾಠ. ಇಬ್ಬರ ಹೆಸರೂ ಹೇಳಿ, ತಮ್ಮ ಹೆಸರನ್ನು ಮೂರನೆಯದಾಗಿ ನಾವೇ ಸೇರಿಸಲಿ ಎಂದು ಸುಮ್ಮನಾಗುತ್ತಾರೆ. ಕಾಕಾ ಸೇರಿಸುವುದಿಲ್ಲ. "ಕನಕದಾಸರಿಗೆ ಫ್ಲ್ಯಾಟಿನ ಇಎಂಐ ಇರಲಿಲ್ಲಪಾ" ಎನ್ನುತ್ತಾನೆ.

ವ್ಯಾಪಾರ ಶುರುವಾಗುವುದು ಪ್ಯಾಕೆಟ್ಟಿನಿಂದ. ಮೆಣಸಿನಕಾಯಿ ಆಮೇಲೆ. ಪ್ಯಾಕೆಟ್ಟಿನ ಮೇಲೆ ಅಜ್ಜಿಯ ಚಿತ್ರ, ಕೆಳಗೆ 'ನಮ್ಮ ಮಣ್ಣಿನ ಘಮ' ಎಂಬ ಸಾಲು, ಹಿಂಬದಿಯಲ್ಲಿ ಒಂದು ಪುರಾಣ: 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿದ್ದು, ಖಾರ ಕಡಿಮೆ ಬಣ್ಣ ಜಾಸ್ತಿ ಇರುವುದು, ಆ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಉಗುರುಬಣ್ಣಕ್ಕೂ ಹಾಕುವುದು. ಎಲ್ಲವೂ ನಿಜ. ಮಣ್ಣಿನ ಮಾತೊಂದರಲ್ಲಿ ತುಸು ತೊಡಕಿದೆ. ಮೊದಲ ಲೋಡು ಇಳಿಸಿಕೊಳ್ಳುವಾಗ ಲಾರಿ ಬಳ್ಳಾರಿಯಿಂದ ಬಂದದ್ದೆಂದು ತಿಳಿದು ಸಾಹೇಬರು ಕಂಗಾಲಾಗುತ್ತಾರೆ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ರಾಶಿ ರಾಶಿ ಮಾಲು ಬಂದು ಬೀಳುವ ಪೇಟೆ ಇದು ಎಂಬುದು ಊರ ಕೂಸಿಗೂ ಗೊತ್ತು. ಸಾಹೇಬರು ಹತ್ತನೆಯ ಇಯತ್ತೆ ಮುಗಿಸಿ ಹಾಸ್ಟೆಲಿಗೆ ಹೋದವರು, ಪಾಪ.

ಸೋಮವಾರ, ಗುರುವಾರ ಪೇಟೆ. ಸಾಹೇಬರ ಸೋದರಮಾವನದು ದಲಾಲಿ ಅಂಗಡಿ. ಅಲ್ಲಿ ಅವರನ್ನು ನೋಡಬೇಕು. ಮಾಮಾ ಚೀಲದ ಬಾಯಿ ಬಿಚ್ಚಿ, ಮೇಲಿನ ಚಂದದ ಕಾಯಿಗಳತ್ತ ನೋಡದೆ ಮೊಣಕೈತನಕ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಾನೆ. ಮುಷ್ಟಿ ಬಿಗಿದು ಸಡಿಲಿಸುತ್ತಾನೆ. ಒಣಗಿದ ಕಾಯಿ ಗಲಗಲ ಎಂದು ಬಿಡಿಬಿಡಿಯಾಗುತ್ತದೆ, ಹಸಿಯಿದ್ದದ್ದು ಹಿಚುಕಿದ ಹಾಗೇ ಮುದ್ದೆಯಾಗಿ ಕೂರುತ್ತದೆ. ಒಂದನ್ನು ಮುರಿದು ಬೀಜ ನೋಡಿ, ಸಿಪ್ಪೆಯನ್ನು ಹೆಬ್ಬೆರಳಿಗೆ ಉಜ್ಜಿ, "ಡಬ್ಬಿ ತಳಿ. ಹಸಿ ಐತಿ. ಎರಡ ದಿನ ಒಣಗಸ್ರಿ" ಎಂದು ಮುಂದಿನ ಚೀಲಕ್ಕೆ ನಡೆದೇ ಬಿಡುತ್ತಾನೆ. ಹಿಂದೆ ಬರುವ ಸಾಹೇಬರು ಮೂಗಿಗೆ ಮಾಸ್ಕು, ಕೈಗೆ ಗವಸು ಹಾಕಿ, ತೇವ ಅಳೆಯುವ ಯಂತ್ರ ಚುಚ್ಚಿ, ಓದಿ, ಮೊಬೈಲಿನಲ್ಲಿ ಬರೆದುಕೊಂಡು, ಎರಡು ಸಲ ಸೀನುತ್ತಾರೆ.

"ಮಷೀನ್ ಏನಂತು ಅಳಿಯಾ?"

"ನೀವಂದದ್ದನ್ನs ಅಂತು ಮಾಮಾ."

"ಚಲೋ ಮಷೀನ್ ತಂದೀ ಬಿಡು."

ಆಫೀಸು ಬಿಟ್ಟರೂ ಆಫೀಸಿನ ಚಾಳಿ ಬಿಟ್ಟಿಲ್ಲ. ಬೆಳಿಗ್ಗೆ ಹಮಾಲರನ್ನು ದುಂಡಗೆ ನಿಲ್ಲಿಸಿ, ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುವಿರಿ ಎಂದು ಕೇಳಿದ್ದಾರೆ. "ನಿನ್ನೆ ಚೀಲಾ ಹೊತ್ವಿ, ಇವತ್ತೂ ಚೀಲಾ ಹೊರ್‍ತೀವ್ರಿ" ಎಂಬಲ್ಲಿಗೆ ಆ ಸಭೆ ಶಾಶ್ವತವಾಗಿ ಮುಗಿಯಿತು. ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಣ್ಣುಮಕ್ಕಳ ಮುಂದೆ ಒಂದು ಮಧ್ಯಾಹ್ನ, ಮನಸ್ಸಿಗೆ ಹಿಡಿಸಿದ ಕೆಲಸವನ್ನೇ ಮಾಡಬೇಕು, ಅದಕ್ಕೆ ಪ್ಯಾಶನ್ ಅನ್ನುತ್ತಾರೆ ಎಂದು ಭಾಷಣ ಬಿಗಿದರು. ರಾಶಿಯ ಹಿಂದಿನಿಂದ ಒಬ್ಬಾಕೆ ತಲೆಯೆತ್ತದೆ ಕೇಳಿದಳು: "ಮುಂಜಾನಿಂದ ಕುಂತು ತುಂಬು ಬಿಡಸಾಕತ್ತೀವಿ, ಉರಿಗೆ ಕೈ ನೀರಾಗ ಇಟ್ಟs ಮಲಗ್ತೀವಿ. ನಮಗೂ ಪ್ಯಾಶನ್ ಆಗೇತೇನ್ರಿ ಸಾಹೇಬ್ರ?" ನಗು ಆ ಶೆಡ್ಡಿನಿಂದ ಪಕ್ಕದ ಶೆಡ್ಡಿಗೂ ಹೋಯಿತು.

ನಗಲಾರದ ದಿನವೂ ಈ ಪೇಟೆಯಲ್ಲಿ ಬಂದುಹೋಗಿದೆ. 2024ರ ಮಾರ್ಚ್ 11, ಸೋಮವಾರ. ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೇ ನುಗ್ಗಿದರು, ವಾಹನಗಳು ಹೊತ್ತಿ ಉರಿದವು. ತಿಂಗಳುಗಟ್ಟಲೆ ದುಡಿದವನ ವರ್ಷದ ಲೆಕ್ಕ ಒಂದು ಮಧ್ಯಾಹ್ನದ ಟೆಂಡರಿನಲ್ಲಿ ಮುಗಿದುಹೋಗುವ ಜಾಗ ಇದು. ಅಂಥವನ ಪಕ್ಕದಲ್ಲಿ ಕೂತು ವೃತ್ತಿಯ ಸಮಾಧಾನದ ಮಾತಾಡಲು ಸಾಹೇಬರಿಗೂ ಈಗ ನಾಲಿಗೆ ಏಳುವುದಿಲ್ಲ. ಅವರಲ್ಲಿ ನನಗೆ ಮೆಚ್ಚಿಗೆಯಾಗುವ ಗುಣ ಇದೊಂದು: ಬೇಗ ಕಲಿಯುತ್ತಾರೆ.

ಅಜ್ಜಿಯ ಚಿತ್ರದ ಪ್ಯಾಕೆಟ್ಟುಗಳು ಅಟ್ಟ ಸೇರಿ, ನೆಂಟರ ಮದುವೆಗಳಲ್ಲಿ ಕೊಡುಗೆಯಾಗಿ ಕರಗುತ್ತಿವೆ. ಸಾಹೇಬರು ಮಾಮಾನ ಅಂಗಡಿಯ ಗಾದಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಯಾವ ರೈತನ ಯಾವ ಲಾಟು, ಎಷ್ಟು ಚೀಲ, ಏನು ದರ, ಹಮಾಲಿ ಎಷ್ಟು, ಯಾರಿಗೆ ಕೊಡುವುದು ಉಳಿದಿದೆ, ಎಲ್ಲ ಎಕ್ಸೆಲ್ಲಿನಲ್ಲಿದೆ. ಪಟ್ಟಿ ಕೈಗೆ ಬಂದ ರೈತ ಎರಡು ಸಲ ಎಣಿಸಿ, ಲೆಕ್ಕ ಸರಿಹೋಯಿತೆಂದು ತಲೆಯಾಡಿಸಿ ಹೋಗುತ್ತಾನೆ. ತುಂಬು ಬಿಡಿಸುವವರ ಕೂಲಿ ಶನಿವಾರ ಸಂಜೆ ಪೈಸೆ ತಪ್ಪದೆ ಬಟವಾಡೆಯಾಗುತ್ತದೆ. ಬೆಂಗಳೂರಿನಲ್ಲಿ ಬೇಡವೆಂದು ಬಿಟ್ಟುಬಂದದ್ದೂ ಇದೇ ಕೆಲಸವಲ್ಲವೇ ಎಂದು ಮಾಮಾ ಒಮ್ಮೆ ಕೇಳಿದ್ದುಂಟು. "ಇದು ಯಾರ ಲೆಕ್ಕ ಅನ್ನೋದು ಎದುರಿಗೆ ನಿಂತಿರತದಲ್ಲ ಮಾಮಾ" ಎಂದರಂತೆ. ಪಗಾರ ಮೊದಲಿನ ಕಾಲು ಭಾಗವೂ ಇಲ್ಲ. ಮುಖ ಮಾತ್ರ ತುಂಬಿಕೊಂಡಿದೆ, ಹೊಟ್ಟೆ ಇನ್ನೂ ಹೆಚ್ಚು.

ನೀವೂ ಕೆಲಸ ಬಿಡುವ ಯೋಚನೆಯಲ್ಲಿದ್ದರೆ ಒಂದು ಗುರುವಾರ ಬ್ಯಾಡಗಿಗೆ ಬನ್ನಿ. ಸಾಹೇಬರು ಚಹಾ, ಗಿರ್ಮಿಟ್ಟು ಕೊಡಿಸುತ್ತಾರೆ, ಕಡ್ಡಿ ಯಾವುದು ಡಬ್ಬಿ ಯಾವುದು ತೋರಿಸುತ್ತಾರೆ. ಕೆಲಸ ಯಾಕೆ ಬಿಟ್ಟಿರಿ ಎಂದು ಮಾತ್ರ ಕೇಳಬೇಡಿ, ಹುಬ್ಬಳ್ಳಿ ರೈಲು ತಪ್ಪುತ್ತದೆ.