ನಾಲ್ಕನೇಯವ ಬರೂತನಕ

(ಧಾರವಾಡದ ಲಕಮನಹಳ್ಳಿ ಕೈಗಾರಿಕಾ ಪ್ರದೇಶ, ಸಂಜೆ. ಗಂಗಕ್ಕನ ಚಾದಂಗಡಿ. ಬೆಂಚಿನ ಮೇಲೆ ಇಸ್ಪೀಟು ಹಂಚಿಟ್ಟು ಕೂತವರು ಲೇಥ್ ಶೆಡ್ಡಿನ ಬಸಪ್ಪ ಮತ್ತು ಬ್ಯಾಂಕಿನಿಂದ ನಿವೃತ್ತರಾದ ಕುಲಕರ್ಣಿ ರಾಯರು. ಮೂರನೇ ಕೈ ಆಟೋದ ಈರಪ್ಪ, ಗೋಡೆಗೊರಗಿ ನಿದ್ದೆ. ನಾಲ್ಕನೇ ಕೈ ಗುರಪ್ಪ ಇನ್ನೂ ಬಂದಿಲ್ಲ.)

ಬಸಪ್ಪ: ರಾಯರ, ಎಲಿ ಹಂಚಿ ಅರ್ಧಾ ತಾಸಾತು. ಗುರಪ್ಪನ ಸುದ್ದಿನಽ ಇಲ್ಲ. ಈರಪ್ಪ ನೋಡಿದ್ರ ಗೊರಕಿ ಹೊಡ್ಯಾಕತ್ತಾನ.

ರಾಯರು: ಗೊರಕಿ ನಡೀತದೋ. ಕೋರಂಗ ಬರೇ ಮೈ ಇದ್ದರ ಸಾಕು. ನಾಲ್ಕನೇಯವನಿಲ್ಲಂತ ರಿಜರ್ವ್ ಬ್ಯಾಂಕಿನವರೂ ಒಂದು ವಾರ ಕೂತಿದ್ರು.

ಬಸಪ್ಪ: ಅವರೂ ಇಸ್ಪೀಟ್ ಆಡತಾರೇನ್ರಿ?

ರಾಯರು: ಬಡ್ಡಿ ಆಡತಾರ. ಹಣಕಾಸು ನೀತಿ ಸಮಿತಿ ಅಂತ ಆರು ಮಂದೀದು. ಮೂರು ಮಂದಿ ಬ್ಯಾಂಕಿನವರು, ಮೂರು ಮಂದಿ ಹೊರಗಿನವರು. ಹೊರಗಿನವರನ್ನ ಸರಕಾರ ಹಾಕಬೇಕು. ಕೋರಂ ನಾಲ್ಕು. 2020ರಾಗ ಆ ಮೂರೂ ಮಂದಿ ಅವಧಿ ಮುಗೀತು. ಸೆಪ್ಟೆಂಬರ್ 29ಕ್ಕ ಸಭಾ ಗೊತ್ತಾಗಿತ್ತು. ಹೊಸಬರ ಹೆಸರು ದಿಲ್ಲಿಯಿಂದ ಬರಲೇ ಇಲ್ಲ. ಸಭಾ ಮುಂದಕ್ಕ ಹೋತು.

ಬಸಪ್ಪ: ಅವಧಿ ಮುಗಿಯೂದು ಮೊದಲಽ ಗೊತ್ತಿರತೈತಲ್ರಿ?

ರಾಯರು: ನಾಲ್ಕು ವರ್ಷ ಅಂತ ಕಾನೂನಿನಾಗ ಬರದದ. ಮತ್ತ ಅವರನ್ನಽ ಹಾಕಲಿಕ್ಕೆ ಬರೂದಿಲ್ಲ ಅಂತನೂ ಬರದದ.

ಗಂಗಕ್ಕ: ನನ್ನ ಸಿಲಿಂಡರ್ ಯಾವಾಗ ಮುಗೀತೈತಿ ಅಂತ ಅಲುಗಾಡಿಸಿ ನೋಡಿ, ವಾರದ ಮೊದಲಽ ಬುಕ್ ಮಾಡತೀನ್ರಿ. ದಿಲ್ಲ್ಯಾಗ ಯಾರೂ ಅಲುಗಾಡಿಸಂಗಿಲ್ಲೇನು?

ರಾಯರು: ಮನಸ್ಸಿದ್ದರ ಒಂದು ರಾತ್ರಿ ಸಾಕವ್ವಾ. 2018ರ ಡಿಸೆಂಬರ್ 10ಕ್ಕ ಊರ್ಜಿತ್ ಪಟೇಲರು ಗವರ್ನರ್ ಕುರ್ಚಿಗೆ ರಾಜೀನಾಮಿ ಕೊಟ್ಟರು. 11ಕ್ಕ ಶಕ್ತಿಕಾಂತ ದಾಸರ ಹೆಸರು ಬಂದಽ ಬಿಟ್ಟಿತು. ಅದಽ ಡೆಪ್ಯುಟಿ ಗವರ್ನರ್ ಕುರ್ಚಿ ನೋಡು. 2020ರ ಮಾರ್ಚಿಗೆ ಎನ್.ಎಸ್. ವಿಶ್ವನಾಥನ್ ಬಿಟ್ಟರು, ರಾಜೇಶ್ವರ ರಾವ್ ಬಂದಿದ್ದು ಅಕ್ಟೋಬರಿಗೆ.

ಬಸಪ್ಪ: ನಮ್ಮ ದೇಶದ ಹಣೇಬಾರ ಬಿಡ್ರಿ.

ರಾಯರು: ಅಮೆರಿಕಾದ್ದು ಕೇಳು. ಅಲ್ಲೆ ಸೆನೆಟ್ ಹೂಂ ಅನ್ನಬೇಕು. ಪೀಟರ್ ಡೈಮಂಡ್ ಅಂತ ಪ್ರೊಫೆಸರು. 2010ರಾಗ ಅಧ್ಯಕ್ಷ ಒಬಾಮಾ ಇವರ ಹೆಸರು ಫೆಡರಲ್ ರಿಜರ್ವಿಗೆ, ಅಂದರ ಅಲ್ಲಿನ ರಿಜರ್ವ್ ಬ್ಯಾಂಕಿಗೆ, ಕಳಿಸಿದರು. ಇವರಿಗೆ ಅನುಭವ ಸಾಲದು ಅಂತ ರಿಪಬ್ಲಿಕನ್ ಪಕ್ಷದವರು ಅಡ್ಡಗಾಲು ಹಾಕಿದರು. ಅದಽ ವರ್ಷ ಡೈಮಂಡ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಬಸಪ್ಪ: ಆವಾಗರ ಒಪ್ಪಿದ್ರಿಲ್ರಿ?

ರಾಯರು: ಎಲ್ಲೀದು! 2011ರ ಜೂನಿನಾಗ ಅವರಽ ಬ್ಯಾಸತ್ತು ಹಿಂದ ಸರದರು.

ಬಸಪ್ಪ: ಪಾಪ. ನನ್ನ ಲೇಥ್ ಸಾಲಕ್ಕೂ ಅನುಭವ ಸಾಲದು ಅಂದಿದ್ರು. ನಾ ಜಾಮೀನಿಗೆ ನಮ್ಮ ಮಾವನ್ನ ಕರಕೊಂಡು ಹೋದೆ, ಆತು. ಆ ಪ್ರೊಫೆಸರಿಗೆ ಮಾವ ಇದ್ದಿಲ್ಲ ಕಾಣತೈತಿ.

ಗಂಗಕ್ಕ: ಅಷ್ಟ ದೂರ ಯಾಕ್ರಿ? ನಮ್ಮ ಮಹಾನಗರ ಪಾಲಿಕೆಗೆ 2021ರ ಸೆಪ್ಟೆಂಬರದಾಗ ಓಟ ಹಾಕಿದ್ವಿ. ಆವಾಗ ನನ್ನ ಸೊಸಿ ಎರಡ ತಿಂಗಳ ಬಸರಿ. ಮೇಯರ್ ಆರಿಸಿದ್ದು 2022ರ ಮೇ ತಿಂಗಳದಾಗ. ಅಷ್ಟೊತ್ತಿಗೆ ಮೊಮ್ಮಗನ್ನ ತೊಟ್ಟಿಲಿಗೆ ಹಾಕಿ ಹೆಸರೂ ಇಟ್ಟಿದ್ವಿ.

(ಹೊರಗೆ ಸ್ಕೂಟರ್ ಸದ್ದು. ಗುರಪ್ಪ ಬಂದು ಏನೂ ಆಗಿಲ್ಲವೆಂಬಂತೆ ಎಲೆ ಎತ್ತಿಕೊಳ್ಳುತ್ತಾನೆ.)

ಬಸಪ್ಪ: ತಡಿಯೋ ಗುರಪ್ಪಾ, ಎಲಿ ಕೆಳಗ ಇಡು. ರಾಯರ, ರಿಜರ್ವ್ ಬ್ಯಾಂಕಿನ ಆ ಸಭಾ ಕಡೀಕ ಆತೋ ಇಲ್ಲೋ? ನನ್ನ ಸಾಲ ಆ ಸಮಿತಿ ಗೊತ್ತು ಮಾಡೋ ರೆಪೋ ದರಕ್ಕ ಗಂಟ ಹಾಕ್ಯಾರ. ಆ ವರ್ಷ ಕೊರೋನಾ, ಶೆಡ್ಡಿನಾಗ ಕೆಲಸ ಇಲ್ಲ. ಬಡ್ಡಿ ಇಳಿದೀತು ಅಂತ ನಾನೂ ಬಾಯಿ ಬಿಟಗೊಂಡು ಕೂತಿದ್ನಿ.

ರಾಯರು: ಆತಲ್ಲ. ಅಕ್ಟೋಬರ್ ಮೊದಲನೇ ವಾರ ಆಶಿಮಾ ಗೋಯಲ್, ಜಯಂತ್ ವರ್ಮಾ, ಶಶಾಂಕ ಭಿಡೆ ಹೆಸರು ಬಂದುವು. 7ರಿಂದ 9ರ ತನಕಾ ಮೂರು ದಿವಸ ಕೂತು ಚರ್ಚಾ ಮಾಡಿದರು.

ಬಸಪ್ಪ: ಮಾಡಿ?

ರಾಯರು: ಮೊದಲಿದ್ದಷ್ಟಽ ಇರಲಿ ಅಂದರು. ನಾಲ್ಕು ಪರ್ಸೆಂಟ್.