ದಾಸವಾಳದ ವಾರಸುದಾರರು

ದಾಸವಾಳ ನೆಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆರಿದ್ರಾ ಮಳೆ ಹಿಡಿದಾಗ ಯಾರದೋ ಬೇಲಿಯಿಂದ ಒಂದು ಗೆಲ್ಲು ಮುರಿದು ತಂದು ಚುಚ್ಚಿದರಾಯಿತು. ಅದಕ್ಕೆ ಎಷ್ಟು ಜನ ವಾರಸುದಾರರಿದ್ದಾರೆ ಎಂದು ತಿಳಿಯುವುದು ಕಡಿಯಲು ಹೊರಟಾಗಲೇ.

ನಮ್ಮ ಅಂಗಳದ ಕೆಂಪು ದಾಸವಾಳ ಕಿಟಕಿ ಮುಚ್ಚಿ, ಹೆಂಚಿನ ಮೇಲೆ ಮೊಣಕೈ ಊರಿ, ಕರೆಂಟಿನ ತಂತಿಯ ಜೊತೆ ಮಾತಿಗಿಳಿದಿತ್ತು. ಒಳಗೆಲ್ಲ ಬಿಳಿ ಹಿಟ್ಟು ತಿಗಣೆ, ಅದರ ಸೇವೆಗೆ ಇರುವೆಗಳ ಮೆರವಣಿಗೆ. ಹೂವೆಲ್ಲ ತುದಿಯಲ್ಲಿ. ದೇವರ ಹೂವಿಗೆ ಅಮ್ಮ ದೋಟಿ ಹಿಡಿದು ನಿಂತರೆ, ಕಂಡವರು ಮಾವಿನಮರ ಹುಡುಕುತ್ತಿದ್ದರು.

ಆದರೂ ಕತ್ತಿ ಮಸೆಯುವಾಗ ಮೊದಲು ಅಡ್ಡ ಬಂದವಳು ಅಮ್ಮನೇ. ಇವತ್ತು ಶುಕ್ರವಾರ. ನಾಳೆ ಶನಿವಾರ. ನಾಡಿದ್ದು ಅಮಾವಾಸ್ಯೆ. ಗಣಪತಿಗಂತೂ ದಿನವೂ ಕೆಂಪು ಹೂ ಬೇಕು. ಪಂಚಾಂಗದಲ್ಲಿ ಮದುವೆ, ಗೃಹಪ್ರವೇಶಕ್ಕೆ ಮುಹೂರ್ತವಿದೆ, ಗೆಲ್ಲು ಸವರಲು ಇಲ್ಲ. ಹೆಂಡತಿಗೆ ತಲೆಸ್ನಾನದ ಗೊಂಪಿಗೆ ಎಲೆ ಬೇಕು. ಬೆಳಗಿನ ವಾಕಿಂಗಿನ ಹಿರಿಯರಿಗೆ ಕಾಂಪೌಂಡಿನಾಚೆ ಚಾಚಿದ್ದೆಲ್ಲ ಸಾರ್ವಜನಿಕ ಆಸ್ತಿ. ಇನ್ನು ತಂತಿಯ ಪಕ್ಕದ ಗೆಲ್ಲಿನಲ್ಲಿ ಸೂರಕ್ಕಿಯ ಗೂಡು. ಜೇಡರ ಬಲೆ, ನಾರು ಸೇರಿಸಿ ನೇತುಹಾಕಿದ ಮನೆ, ಬಾಗಿಲ ಮೇಲೊಂದು ಪುಟ್ಟ ಸಜ್ಜಾ ಬೇರೆ. ಎಲ್ಲರ ಪೈಕಿ ನ್ಯಾಯವಾದ ತಕರಾರು ಅದೊಂದೇ ಎನಿಸಿ ಆ ಗೆಲ್ಲು ಬಿಟ್ಟೆ.

ಮೂಡಿಗೆರೆ ಕಡೆಯ ಭಾವ ಬಂದಿದ್ದ. ಕಾಫಿ ತೋಟದವರಿಗೆ ಯಾವ ಗಿಡ ಕಂಡರೂ ಕೈ ತುರಿಸುತ್ತದೆ. "ಕಂಬಚಿಗುರು ತೆಗಿ, ರೆಕ್ಕೆ ಮುಟ್ಟಬೇಡ" ಎಂದು ಕುರ್ಚಿಯಲ್ಲೇ ಕೂತು ಗೆಲ್ಲು ಸವರಿಸತೊಡಗಿದ. ಕಂಬಚಿಗುರೆಂದರೆ ನೆಟ್ಟಗೆ ಏಳುವ ಚಿಗುರು, ರೆಕ್ಕೆಯೆಂದರೆ ಅಡ್ಡಗೆಲ್ಲು. ಕಾಫಿ ಹೂ ಬಿಡುವುದು ಹಿಂದಿನ ಹಂಗಾಮಿನ ರೆಕ್ಕೆಯಲ್ಲಿ, ಅದಕ್ಕೇ ಅವರ ಕತ್ತರಿಗೆ ಅಷ್ಟು ಲೆಕ್ಕಾಚಾರ. ದಾಸವಾಳ ಹೊಸ ಚಿಗುರಿನಲ್ಲೇ ಮೊಗ್ಗು ಹಿಡಿಯುವ ಜಾತಿ. ಕತ್ತರಿಸಿದಷ್ಟೂ ಅದಕ್ಕೆ ಉಮೇದು. ಆದರೆ ಭಾವನಿಗೆ ಪಾಠ ಹೇಳಿ ಮಧ್ಯಾಹ್ನದ ಊಟ ಕೆಡಿಸಿಕೊಳ್ಳುವುದು ಜಾಣತನವಲ್ಲ.

ತುದಿಯ ಕುಡಿಯೇ ಅವಿಭಕ್ತ ಕುಟುಂಬದ ಯಜಮಾನ. ತುದಿಯಿಂದ ಏನೋ ಒಂದು ಪ್ರಭಾವ ಕೆಳಗಿಳಿಯುತ್ತದೆಂದು ಚಾರ್ಲ್ಸ್ ಡಾರ್ವಿನ್ ಮಗನ ಜೊತೆ ಸೇರಿ ಹುಲ್ಲಿನ ಮೊಳಕೆಗಳ ಮೇಲೆ ಪ್ರಯೋಗ ಮಾಡಿ 1880ರಲ್ಲೇ ಬರೆದ. ಆಮೇಲೆ ಅದಕ್ಕೆ ಆಕ್ಸಿನ್ ಎಂದು ಹೆಸರಾಯಿತು. ಅದು ಹರಿದು ಬರುವಷ್ಟು ಕಾಲ ಪಕ್ಕದ ಮೊಗ್ಗುಗಳು ಬಾಯಿ ಬಿಡುವುದಿಲ್ಲ. ಯಜಮಾನನ ತಲೆ ಹೋದ ಮೇಲೆ ಎಲ್ಲರೂ ಒಟ್ಟಿಗೆ ಪಾಲು ಕೇಳುತ್ತಾರೆ, ಗಿಡ ಗುಬುರಾಗುತ್ತದೆ.

ಹೊರಮುಖದ ಮೊಗ್ಗು ನೋಡಿ, ಅದರ ಮೇಲೆ ಓರೆಯಾಗಿ ಕತ್ತರಿಸುತ್ತ ಹೋದೆ. "ಎಷ್ಟು ನಿರ್ದಯರಪ್ಪ!" ಎಂದ ಪಕ್ಕದ ಮನೆಯಾಕೆ ರಾಶಿಯಿಂದ ದಪ್ಪ ಗೆಲ್ಲುಗಳನ್ನೇ ಆರಿಸಿ, ನೆಡುವಾಗ ಎಷ್ಟು ಗಣ್ಣು ಮಣ್ಣಿನೊಳಗಿರಬೇಕು ಎಂದು ವಿಚಾರಿಸಿದರು.

ಮರುದಿನ ಬೆಳಿಗ್ಗೆ ವಾಕಿಂಗಿನ ಹಿರಿಯರು ಖಾಲಿ ಕವರು ಹಿಡಿದು ನಮ್ಮ ಗೇಟಿನ ಮುಂದೆ ಒಂದು ಗಳಿಗೆ ನಿಂತರು. ನಂತರ ಎದುರು ಮನೆಯ ನಂದಿಬಟ್ಟಲಿನ ಕಡೆ ತಿರುಗಿದರು. ಸಂಜೆಯೊಳಗೆ ಎದುರು ಮನೆಯವರು ಕತ್ತಿ ಕೇಳಿಕೊಂಡು ಬಂದರು.