ಹೆಬ್ಬಾಗಿಲ ಮೇಲಿನ ಬಾಡಿಗೆದಾರ

ಗಡಿಯಾರದ ಗೋಪುರ ನೋಡಲು ಹೋದವರು ಅಲ್ಲಿ ಮಾಡದೇ ಇರುವ ಕೆಲಸ ಒಂದೇ: ಗಂಟೆ ನೋಡುವುದು. ನಂಬಿಕೆ ಬರದಿದ್ದರೆ ಕೊಲಂಬಿಯಾದ ಕಾರ್ಟಜೆನಾಕ್ಕೆ ಹೋಗಿ ನಿಲ್ಲಿ. ಕೋಟೆಯ ಹೆಬ್ಬಾಗಿಲ ಮೇಲೆ ಹಳದಿ ಗೋಪುರ, ಅದರಲ್ಲಿ ದೊಡ್ಡ ಗಡಿಯಾರ, ಕೆಳಗೆ ಪ್ರವಾಸಿಗರ ಜಾತ್ರೆ. ಗೋಪುರಕ್ಕೆ ಬೆನ್ನು ಹಾಕಿ, ಮೊಬೈಲು ಎತ್ತಿ, ಹಲ್ಲು ಕಿರಿದು, ಸೆಲ್ಫಿ ಮುಗಿಸಿದ ಮೇಲೆ ಪಕ್ಕದವರನ್ನು ಕೇಳುತ್ತಾರೆ, ‘ಟೈಮೆಷ್ಟು?’ ಅವರೂ ಮೊಬೈಲು ನೋಡಿಯೇ ಹೇಳುತ್ತಾರೆ.

ನಮ್ಮವರು ಒಂದು ಕೈ ಮುಂದೆ. ಗೋಪುರ ಕಂಡದ್ದೇ ಊರಿಗೆ ವಿಡಿಯೊ ಕಾಲ್. ಅಲ್ಲಿ ಸಂಜೆ ಆರಾದರೆ ಇಲ್ಲಿ ಬೆಳಗಿನ ಜಾವ ನಾಲ್ಕೂವರೆ. ‘ಅಮ್ಮಾ, ಗಡಿಯಾರ ನೋಡು!’ ಎಂದು ಮಗ ಕೂಗುತ್ತಾನೆ. ಅಮ್ಮ ನೋಡುವುದು ಮಾತ್ರ ತನ್ನ ಗೋಡೆಯ ಗಡಿಯಾರವನ್ನು. ‘ನಿಂಗೆ ಹೊತ್ತು ಗೊತ್ತು ಇಲ್ವೇನೋ? ಅದಿರಲಿ, ಊಟ ಆಯ್ತಾ?’

ತಮಾಷೆಯೆಂದರೆ, ಇಷ್ಟೆಲ್ಲ ಮೆರೆಯುವ ಈ ಗಡಿಯಾರ ಆ ಬಾಗಿಲಿಗೆ ತಡವಾಗಿ ಬಂದ ಬಾಡಿಗೆದಾರ. ಊರು ಕಟ್ಟಿದ್ದು 1533ರಲ್ಲಿ, ಸ್ಪೇನಿನ ಪೆದ್ರೊ ದೆ ಎರೆದಿಯಾ. 1586ರಲ್ಲಿ ಇಂಗ್ಲೆಂಡಿನ ಡ್ರೇಕ್ ಬಂದು ದೋಚಿ, ಊರು ಬಿಡಲು ದುಡ್ಡನ್ನೂ ವಸೂಲಿ ಮಾಡಿಕೊಂಡು ಹೋದ. ಆಮೇಲೆ ಸ್ಪೇನಿನವರು ಗೋಡೆ ಕಟ್ಟಿದರು, ಕಟ್ಟಿದರು, ಕಟ್ಟುತ್ತಲೇ ಹೋದರು. ಖರ್ಚು ಕೇಳಿ ಸುಸ್ತಾದ ರಾಜ, ‘ಇಷ್ಟು ದುಡ್ಡು ಸುರಿದ ಮೇಲೆ ಆ ಗೋಡೆ ಇಲ್ಲಿಗೇ ಕಾಣಬೇಕಲ್ಲ’ ಎಂದು ಅರಮನೆಯ ಕಿಟಕಿಯಲ್ಲಿ ಕಣ್ಣು ಕಿರಿದು ಮಾಡಿ ಹುಡುಕಿದನಂತೆ. ದಂತಕಥೆ ಇರಬಹುದು. ಮನೆ ಕಟ್ಟಿಸಿದವರಿಗೆ ಅನುಮಾನ ಬರುವುದಿಲ್ಲ.

ಆ ಗೋಡೆಗೆ ಇದೇ ಹೆಬ್ಬಾಗಿಲು. ಆಗ ಮುಂದೆ ನೀರು, ಅದರ ಮೇಲೆ ಎತ್ತುವ ಸೇತುವೆ, ಆಚೆಗೆ ಹೆತ್ಸೆಮಾನಿ ಎಂಬ ಬಡವರ ಕೇರಿ. ಈಗ ಮೂರು ಕಮಾನುಗಳಲ್ಲಿ ಜನ ನುಗ್ಗುತ್ತಾರೆ. ಹಿಂದೆ ದಾರಿ ಇದ್ದದ್ದು ನಡುವಿನದರಲ್ಲಿ ಮಾತ್ರ. ಗಡಿಯಾರ ಬಂದದ್ದು 1874ರಲ್ಲಿ, ಅಮೆರಿಕದಿಂದ. ಈಗಿನ ಗೋಪುರ ಲೂಯಿಸ್ ಫೆಲಿಪೆ ಹಾಸ್ಪೆ 1888ರಲ್ಲಿ ಕಟ್ಟಿದ್ದು. 1937ರಲ್ಲಿ ಹಳೆಯ ಗಡಿಯಾರವನ್ನು ಇಳಿಸಿ ಸ್ವಿಸ್ ಗಡಿಯಾರ ಕೂರಿಸಿದರು. ಹೀಗೆ ಬಾಡಿಗೆದಾರನೂ ಬದಲಾದ, ಆದರೆ ಮನೆಗೆ ಅವನದೇ ಹೆಸರು.

ಕಮಾನು ದಾಟಿದರೆ ಕುದುರೆ ಗಾಡಿಗಳ ಹೆಸರು ಹೊತ್ತ ಚೌಕ. ನಡುವೆ ಎರೆದಿಯಾನ ಪ್ರತಿಮೆ, ಸುತ್ತ ಬಣ್ಣ ಬಣ್ಣದ ಬಾಲ್ಕನಿಗಳು. ಇಲ್ಲಿ ನನ್ನ ಹರಟೆಯೂ ಸ್ವಲ್ಪ ತಡವರಿಸುತ್ತದೆ. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಮನುಷ್ಯರನ್ನು ಮಾರುತ್ತಿದ್ದ ಸಂತೆ ಇದೇ. ಅವರ ಸೇವೆಯಲ್ಲೇ ಬದುಕು ಸವೆಸಿ 1654ರಲ್ಲಿ ತೀರಿಕೊಂಡ ಪಾದ್ರಿ ಪೆದ್ರೊ ಕ್ಲಾವೆರ್‌ಗೆ ಸಂತ ಪದವಿ ಸಿಕ್ಕಿದ್ದು 1888ರಲ್ಲಿ, ಗೋಪುರ ಎದ್ದ ವರ್ಷವೇ. ಕೊಲಂಬಿಯಾ ಗುಲಾಮಗಿರಿಯನ್ನು ರದ್ದು ಮಾಡುವ ಕಾನೂನು ತಂದದ್ದು 1851ರಲ್ಲಿ. ಲೆಕ್ಕ ಹಾಕಿ: ಈ ಚೌಕ ಕಂಡ ಅತಿ ಕೆಟ್ಟ ಗಳಿಗೆಗಳ ಕಾಲಕ್ಕೆ ಮೇಲೆ ಗಡಿಯಾರವೇ ಇರಲಿಲ್ಲ. ಸೆಲ್ಫಿಯವರು ಚೌಕಕ್ಕೂ ಬೆನ್ನು ಹಾಕಿಯೇ ನಿಲ್ಲುತ್ತಾರೆ, ಪಾಪ.

ಚೌಕದ ಒಂದು ಬದಿಗೆ ಸಾಲು ಕಮಾನುಗಳ ಕೆಳಗೆ ಮಿಠಾಯಿ ಅಂಗಡಿಗಳು. ಗಾಜಿನ ಭರಣಿಗಳಲ್ಲಿ ಕೊಬ್ಬರಿ ಮಿಠಾಯಿ. ಅವರು ಕೊಕಾದ ಅನ್ನುತ್ತಾರೆ. ಪಕ್ಕದಲ್ಲಿ ಸಕ್ಕರೆ ಹಾಕಿ ಉಂಡೆ ಕಟ್ಟಿದ ಹುಣಸೆಹಣ್ಣು. ಅಯ್ಯೋ, ಇದು ನಮ್ಮ ಚಿಗಳಿಯ ದಾಯಾದಿ! ಕಡ್ಡಿ ಚುಚ್ಚಿಲ್ಲ, ಅಷ್ಟೇ. ಹುಣಸೆ, ಕಬ್ಬು ಎರಡೂ ಆ ಖಂಡದವಲ್ಲ. ಅಲ್ಲಿನ ಆ ಕರಾವಳಿಯ ತೆಂಗು ಕೂಡ ಯುರೋಪಿನವರ ಹಡಗುಗಳಲ್ಲಿ ನಮ್ಮ ಹಿಂದೂ ಮಹಾಸಾಗರದ ಕಡೆಯಿಂದ ಹೋದದ್ದು. ಆದ್ದರಿಂದ ಅಲ್ಲಿ ನಿಂತು ‘ನಮ್ಮೂರಲ್ಲೂ ಸಿಗುತ್ತೆ ಬಿಡಿ’ ಎಂದು ಮೂಗು ಮುರಿಯುವ ಹಕ್ಕು ನಮಗೆ ಪೂರ್ತಿ ಇದೆ. ಮುರಿದ ಮೇಲೆ ಎರಡು ಕೊಳ್ಳಿ. ಚೆನ್ನಾಗಿವೆ.

ಹೋಗುವುದಾದರೆ ಸಂಜೆಗೆ ಹೋಗಿ, ಮಧ್ಯಾಹ್ನದ ಸೆಕೆ ಮಂಗಳೂರನ್ನೂ ಮರೆಸುತ್ತದೆ. ಊರಿಗೆ ಫೋನು ಮಾಡುವುದನ್ನು ಮಾತ್ರ ರಾತ್ರಿ ಒಂಬತ್ತರ ತನಕ ತಡೆದುಕೊಳ್ಳಿ; ಅಷ್ಟು ಹೊತ್ತಿಗೆ ಅಮ್ಮನ ಕಾಫಿ ಆಗಿರುತ್ತದೆ. ಬಾಗಿಲು ದಾಟಲು ಟಿಕೆಟ್ ಇಲ್ಲ.